ಉಬ್ಬಿದ ಗಾದಿ

ಬೆಂಗೇರಿಯ ಪಿಂಜಾರ ಖಾಜಾಸಾಬ ಗಾದಿ ತುಂಬೂ ಮೊದಲು ಎಲ್ಲಾರಿಗೂ ಒಂದು ಮಾತು ಕೇಳತಿದ್ದ. "ಎಲ್ಲಿ ನೋಯತೈತ್ರಿ?" ಹೇಳಿದ ಕಡೆ ಹತ್ತಿ ಒಂದು ಪದರು ಹೆಚ್ಚಿಗಿ ಇಡತಿದ್ದ. ಹತ್ತ್ಯಾಗಿನ ಬೀಜದ ಚೂರು ಸೈತ ಕೈಯಿಂದ ಆರಿಸಿ ತಗೀತಿದ್ದ.

ಇದನ್ನ ನೋಡಿ ಹೆಂಡತಿ ಮದೀನಾಬಿಗೆ ಹೊಟ್ಟಿ ಉರೀತಿತ್ತು. ಅದರಾಗೂ ಓಣಿಯ ಮುದುಕಿ ದಾನವ್ವನ ಗಾದಿಗೆ ಅಂವ ಎರಡು ದಿನಾ ಕೂಡತಿದ್ದ. ಮನ್ಯಾಗ ಮಾತ್ರ ಅವಗ ಬಾಯಿ ಇರಲಿಲ್ಲ. ಹೆಂಡತಿಯನ್ನ ಒಮ್ಮೆಯೂ ಕೇಳಲಿಲ್ಲ. ಆಕಿಯ ಗಾದಿ ಒಂದು ತುದಿಗೆ ಉಬ್ಬಿತ್ತು.

"ಮಂದಿಗೆ ಛಲೋದು, ನನಗ ಉಳದದ್ದು ತುರುಕಿದ್ದು" ಅಂತ ಆಕಿ ಉಬ್ಬು ತಲಿ ಕಡೆ ಬರೂಹಂಗ ತಿರುವಿ ಹಾಸತಿದ್ದಳು. ಅಂವ ಏನೂ ಅನ್ನದ ಮತ್ತ ಕಾಲಿನ ಕಡೆ ಮಾಡತಿದ್ದ.

ಮೂವತ್ತಾರನೇ ಇಸವಿಯೊಳಗ ಖಾಜಾಸಾಬ ಜ್ವರ ಬಂದು ಸತ್ತ. ಮಾತಾಡಿಸಾಕ ಬಂದ ದಾನವ್ವ ಅತ್ತಳು. ಮದೀನಾಬಿಗೆ ಆ ಅಳೂ ಸೈರಿಸಾಕ ಆಗಲಿಲ್ಲ.

"ನಿನ್ನ ಹೆಗಲು ನೋಯೂದು ಅವಗ ಗೊತ್ತಿತ್ತವಾ. ನನ್ನ ಕೇಳಲೇ ಇಲ್ಲ."

"ನಿನ್ನ ಯಾಕ ಕೇಳ್ಯಾನ? ನೀ ಮೊಣಕಾಲು ಹಿಡಕೊಂಡು ನರಳೂದು ದಿನಾ ಕೇಳತಿದ್ದ. ಕಾಲಿನ ಕಡೆ ಹತ್ತಿ ಹೆಚ್ಚಿಗಿ ಹಾಕೇನಿ, ಹುಚ್ಚಿ ತಿರುವಿ ಹಾಸತಾಳ ಅಂತ ನನ್ನ ಮುಂದ ನಗತಿದ್ದ."

ಆ ಮಾತನ್ನೂ ಅಂವ ದಾನವ್ವನ ಮುಂದನ ಹೇಳಿದ್ದ. ಮದೀನಾಬಿಗೆ ಹೊಟ್ಟಿ ಮತ್ತ ಉರೀತು.

ಮುದುಕಿ ಹೋದಮ್ಯಾಲೆ ಗಾದಿ ಸೀದಾ ಮಾಡಿ, ಉಬ್ಬಿನ ಮ್ಯಾಲ ಕಾಲಿಟ್ಟು ಮಲಗಿದಳು. ಮೊಣಕಾಲಿಗೆ ಹಿತ ಅನಿಸಿತು. ಆವಾಗ ಅತ್ತಳು.