ಸೈನೈಡ್ ದಿಬ್ಬದ ಮಣ್ಣೂ ನಮ್ಮೂರ ತಿಪ್ಪೆಯೂ

ಬಾಳೆಹಣ್ಣು ತಿಂದು ಮುಗಿಸಿ, ಸಿಪ್ಪೆಯನ್ನು ಕೈಯಲ್ಲಿ ಹಿಡಿದು ನಿಂತವರ ಮುಖವನ್ನು ನೋಡಿದ್ದೀರಾ? ತಿನ್ನುವಾಗಿನ ಆನಂದವೆಲ್ಲ ಮಾಯವಾಗಿ, ಮದುವೆ ಮನೆಯಲ್ಲಿ ಯಾರದೋ ಕೂಸನ್ನು ಎತ್ತಿಕೊಂಡು ಅದರ ತಾಯಿಯನ್ನು ಹುಡುಕುವವರ ಹಾಗೆ ಕಾಣುತ್ತಾರೆ. ನಂದಿದುರ್ಗ ಚಿನ್ನದ ಗಣಿಯ ಕಾರ್ಮಿಕರ ಲೈನ್ ಮನೆಗಳವರಾದ ನಾವಂತೂ ಸಿಪ್ಪೆಯನ್ನು ಬೀದಿ ನಲ್ಲಿಯ ಪಕ್ಕದ ಮೂಲೆಗೆ ಎಸೆದು ಕೈ ತೊಳೆದುಕೊಳ್ಳುತ್ತಿದ್ದೆವು.

ಆ ಮೂಲೆಯ ಮೇಲೆ ನನ್ನ ಮೊಮ್ಮಗಳು ಪವಿತ್ರಳ ಕಣ್ಣು ಬಿತ್ತು. ಗೆಳತಿಯರನ್ನು ಕಟ್ಟಿಕೊಂಡು ಗುಡಿಸಿದ್ದಲ್ಲದೆ, ಸಿಪ್ಪೆ ಬೇರೆ ಇಟ್ಟರೆ ನಮ್ಮಜ್ಜಿ ಗೊಬ್ಬರ ಮಾಡಿಕೊಡುತ್ತಾಳೆ ಎಂದು ಮನೆಮನೆಗೂ ಹೇಳಿ ಬಂದಳು. ನನ್ನನ್ನು ಕೇಳಲೇ ಇಲ್ಲ! ಆದರೂ ಎಂಥ ಹಿಗ್ಗು ನನಗೆ. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳಿಗೆ ಒಂದು ಇಲಾಖೆಯೇ ಸಿಕ್ಕಿತಲ್ಲ. ಬೇತಮಂಗಲದ ಹತ್ತಿರದ ನನ್ನ ತವರಿನಲ್ಲಿ ದೀಪಾವಳಿಗೆ ತಿಪ್ಪೆಯ ಮೇಲೂ ದೀಪ ಇಡುತ್ತಾರೆ. ಅಂಥ ಮನೆತನದವಳಿಗೆ ಗೊಬ್ಬರದ ವಿದ್ಯೆಯನ್ನು ಯಾರು ಕಲಿಸಬೇಕು ಎಂದು ಬೀಗಿದೆ.

ಸಿಪ್ಪೆಯ ಮೇಲೆ ಮಣ್ಣು ಮುಚ್ಚಬೇಕಂತೆ, ಪವಿತ್ರ ಹೇಳಿದಳು. ಮನೆ ಹಿಂದೆಯೇ, ಸೈನೈಡ್ ಹಾಕಿ ಚಿನ್ನ ತೆಗೆದುಕೊಂಡ ಮೇಲೆ ಗಣಿಯವರು ಸುರಿದುಹೋದ ಪುಡಿಮಣ್ಣಿನ ದಿಬ್ಬವಿದೆ, ಜರಡಿ ಹಿಡಿದ ರಾಗಿಹಿಟ್ಟಿನಷ್ಟು ನುಣುಪು. ಎಲ್ಲರ ಮನೆಯ ಸಿಪ್ಪೆಯನ್ನು ಒಂದು ಬಕೆಟ್ಟಿಗೆ ಹಾಕಿ, ನಡುನಡುವೆ ಅದನ್ನೇ ಪದರ ಪದರವಾಗಿ ಹಾಸಿದೆ. ಕೆಲವೇ ದಿನಗಳಲ್ಲಿ ಅದು ಗಾರೆಯಂತೆ ಬಿಗಿದು, ಒಳಗೆಲ್ಲ ಕೊಳೆತು, ಲೈನಿಗೆ ಲೈನೇ ನಾರಿತು. ನನ್ನನ್ನು ತಮಿಳಿನಲ್ಲಿ ಪಾಟಿ, ಅಂದರೆ ಅಜ್ಜಿ, ಎಂದೇ ಕರೆಯುವ ಪಕ್ಕದ ಮನೆಯ ಸೆಲ್ವಿ ಮೂಗು ಮುಚ್ಚಿಕೊಂಡು ಬಂದು ಇಣುಕಿದಳು.

“ಅಯ್ಯೋ ಪಾಟಿ, ಇದು ಸೈನೈಡ್ ಮಣ್ಣಲ್ವಾ! ಇದ್ರಲ್ಲಿ ಉಲ್ಲೇ ಉಟ್ಟಲ್ಲ, ನೀನು ಗೊಬ್ಬರ ಉಟ್ಟಿಸ್ತೀಯಾ? ಭಾನುವಾರದೊಳಗೆ ನಾತ ಓಗ್ಲಿಲ್ಲ ಅಂದ್ರೆ ನಮ್ ಸಿಪ್ಪೆ ಮತ್ತೆ ಆ ಮೂಲೆಗೇ.”

ನನ್ನ ಮಾನ ಹೋದರೆ ಹೋಗಲಿ, ಮಗುವಿನ ಮಾತು ಬೀಳಬಾರದಲ್ಲ. ದಿಬ್ಬದ್ದನ್ನು ದಿಬ್ಬಕ್ಕೇ ಒಪ್ಪಿಸಿ, ಬಕೆಟ್ಟು ತೊಳೆದಿಟ್ಟು, ತವರಿನ ಬಸ್ಸು ಹತ್ತಿದೆ. ಅಣ್ಣನ ತಿಪ್ಪೆಯ ತಳದ ಹಳೇ ಮಣ್ಣನ್ನು ಚೀಲಕ್ಕೆ ತುಂಬಿಕೊಂಡು ವಾಪಸು ಬರುವಾಗ ಕಂಡಕ್ಟರ್ ನಕ್ಕ.

“ಮಣ್ಣಿನ ಬೆಟ್ಟಾನೇ ಇರೋ ಊರಿಗೆ ಮಣ್ಣು ಒತ್ಕೊಂಡು ಓಯ್ತಿದ್ದೀಯಲ್ಲಜ್ಜೀ!”

“ಅದು ಸತ್ತ ಮಣ್ಣು ಕಣಪ್ಪ, ಇದ್ರಲ್ಲಿ ಜೀವ ಐತೆ,” ಎಂದೆ. ಕೊಳೆಯುವುದಕ್ಕೂ ಒಳ್ಳೆಯ ಸಹವಾಸ ಬೇಕೆಂಬುದು ನನಗೆ ಈ ವಯಸ್ಸಿನಲ್ಲಿ ತಿಳಿಯಿತು, ನೋಡಿ.

ಹೊಸ ಸಿಪ್ಪೆಗೆ ಆ ಮಣ್ಣನ್ನೇ ಮುಚ್ಚಿಟ್ಟೆ. ಭಾನುವಾರ ಪವಿತ್ರ ಬಕೆಟ್ಟಿನ ಮುಚ್ಚಳ ತೆಗೆದಳು. ಒಳಗಿನದು ಇನ್ನೂ ಗೊಬ್ಬರವಾಗಿರಲಿಲ್ಲ, ಆದರೆ ನಾತವೂ ಇರಲಿಲ್ಲ. ಸೆಲ್ವಿ ಬಗ್ಗಿ ಮೂಸಿದಳು. ಎದ್ದು ತನ್ನ ಮನೆಯೊಳಕ್ಕೆ ಹೋಗಿಬಿಟ್ಟಳು. ಪವಿತ್ರ ನನ್ನ ಮುಖ ನೋಡಿದಳು, ನಾನು ನೆಲ ನೋಡಿದೆ. ಅಷ್ಟರಲ್ಲಿ ಸೆಲ್ವಿ ಮೊರದ ತುಂಬ ಸೋರೆಕಾಯಿ ಸಿಪ್ಪೆ ಹಿಡಿದು ಬಂದು, ಬಕೆಟ್ಟಿಗೆ ಸುರಿದಳು.

“ಏನ್ ಪಾಟಿ, ನೋಡ್ತಾ ನಿಂತ್ಬುಟ್ಟೆ? ಮಣ್ಣಾಕು!”

ಒಂದು ಹಿಡಿ ಸಾಕಿತ್ತು. ಸಂತೋಷದಲ್ಲಿ ಅರ್ಧ ಚೀಲವೇ ಸುರಿದುಹೋಯಿತು.