ವೈರ್‌ಲೆಸ್ಸಿನಲ್ಲಿ ಊರ ಮಾತು

ಮೊನ್ನೆ ದಾವಣಗೆರೆಯ ಮನೆಯಲ್ಲಿ ಟಿವಿ ನೋಡುತ್ತಾ ಕೂತವನು ಎದ್ದು ಚಪ್ಪಲಿ ಮೆಟ್ಟಿ ಹರಿಹರದ ಬಸ್ಸು ಹತ್ತಿಬಿಟ್ಟೆ. "ಈ ಬಿಸಿಲಾಗೆ ಎಲ್ಲಿಗ್ರಿ?" ಎಂದು ಹೆಂಡತಿ ಕೂಗುತ್ತಲೇ ಇದ್ದಳು. ಟಿವಿಯಲ್ಲಿ ಅಮೆರಿಕದ ನವಾಹೊ ಎಂಬ ಮೂಲನಿವಾಸಿಗಳ ಕಥೆ ಬಂದಿತ್ತು. ಎರಡನೇ ಮಹಾಯುದ್ಧದಲ್ಲಿ ಅವರು ತಮ್ಮ ಮನೆಮಾತಿನಲ್ಲೇ ಸೇನೆಯ ಸಂದೇಶ ಕಳಿಸುತ್ತಿದ್ದರಂತೆ. ಟ್ಯಾಂಕಿಗೆ ಆಮೆ ಎಂದು ಹೆಸರಿಟ್ಟಿದ್ದರಂತೆ. ಕದ್ದು ಕೇಳುತ್ತಿದ್ದ ಜಪಾನಿನವರಿಗೆ ತಲೆಬುಡ ಹತ್ತಲಿಲ್ಲ. ಅದೇ ಮಾತಾಡಿದ್ದಕ್ಕೆ ಚಿಕ್ಕಂದಿನಲ್ಲಿ ಶಾಲೆಯಲ್ಲಿ ಅವರನ್ನು ಶಿಕ್ಷಿಸಿದ್ದರು ಎಂದಾಗ ನನಗೆ ಮೈ ಉರಿಯಿತು. ಇದನ್ನು ನಾನು ಹೇಳಬೇಕಾದದ್ದು ಒಬ್ಬನಿಗೇ, ಹರಿಹರದ ಹತ್ತಿರದ ಕಡರನಾಯಕನಹಳ್ಳಿಯ ನನ್ನ ಗೆಳೆಯನಿಗೆ.

ಸೈನ್ಯದಲ್ಲಿ ನಾವಿಬ್ಬರೂ ವೈರ್‌ಲೆಸ್ ಕೆಲಸದವರು. ಗಡಿಯ ಹಿಮದ ಬೆಟ್ಟದಲ್ಲಿ ಅವನು ಮೇಲಿನ ಠಾಣೆ, ನಾನು ಕೆಳಗಿನದು. ಹಿಂದಿಯಲ್ಲಿ ಮಾತಾಡಿದರೆ ಆಚೆಯವರು ಕೇಳಿಸಿಕೊಳ್ಳುತ್ತಾರೆಂದು ನಮ್ಮ ಸಾಹೇಬರು, ತುರ್ತಿದ್ದಾಗ ನಿಮ್ಮ ಭಾಷೆಯಲ್ಲೇ ಹೇಳಿ ಎಂದರು. ನವಾಹೊಗಳ ಹಾಗೆ ನಮ್ಮದೇನು ಅಚ್ಚುಕಟ್ಟಾದ ಸಂಕೇತವಲ್ಲ. ಗುಂಡಿಗೆ ಜೋಳ ಎಂದೆವು, ಸಾಮಾನು ಹೊರುವ ಹೇಸರಗತ್ತೆಗೆ ಬೀಗರು ಎಂದೆವು. "ಬೀಗರು ಹೊಂಟಾರೆ, ಜೋಳ ಐತೆ" ಎಂದರೆ ಮುಗಿಯಿತು.

ಆದರೆ ಬಾಯಿ ಕೇಳಬೇಕಲ್ಲ! ಬಟನ್ ಒತ್ತಿದ ಕೂಡಲೇ ಅವನು "ಊಟ ಆತೇನಪ್ಪಾ?" ಅನ್ನುವವನು. ನಾನು "ಆತು, ನಿಂದು?" ಅನ್ನಲೇಬೇಕು. ನಮ್ಮ ಕಡೆ ಜಗಳಕ್ಕೆ ಬಂದವನೂ ಮೊದಲು ಅದನ್ನೇ ಕೇಳುತ್ತಾನೆ. ಬ್ಯಾಟರಿ ಹಾಳುಮಾಡುತ್ತೀರೆಂದು ಸಾಹೇಬರು ಬೈಯುತ್ತಿದ್ದರು. ಬೈಸಿಕೊಂಡು ಮತ್ತೆ ಕೇಳುತ್ತಿದ್ದೆವು.

ಒಂದು ಮಧ್ಯಾಹ್ನ ಮೇಲಿನ ಠಾಣೆಯ ಸುತ್ತ ಶೆಲ್ ಬೀಳತೊಡಗಿದವು. ಆಮೇಲೆ ಅವನ ದನಿ ಬಂತು: "ಎಲ್ಲಾ ಸರಿ ಐತೆ. ಜೋಳ ಐತೆ. ಯಾರೂ ಬರೋದು ಬ್ಯಾಡ." ಅಷ್ಟೇ. ಊಟದ ಸುದ್ದಿಯೇ ಇಲ್ಲ. ಅವನಿಗೆ ಏನೋ ಆಗಿದೆ, ಜನ ಕಳಿಸಿ ಎಂದು ಸಾಹೇಬರಿಗೆ ಹೇಳಿದೆ. ಊಟ ಕೇಳಲಿಲ್ಲವೆಂಬ ಕಾರಣಕ್ಕೆ ಶೆಲ್ ಬೀಳುವಾಗ ಬೆಟ್ಟ ಹತ್ತಿಸಲು ಯಾರು ಒಪ್ಪುತ್ತಾರೆ? ನಾನು ದನಿ ಏರಿಸಿಯೇಬಿಟ್ಟೆ. ಅವರು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, ಜನ ಕಳಿಸಿದರು. ಹೋಗಿ ನೋಡಿದರೆ, ತೊಡೆಗೆ ಶೆಲ್ಲಿನ ಚೂರು ಹೊಕ್ಕು ರಕ್ತ ಹರಿಯುತ್ತಿದ್ದರೂ, ತಾನು ಇಳಿದರೆ ಅಲ್ಲಿ ಕನ್ನಡ ಹೇಳುವವರಿಲ್ಲವೆಂದು ಜೊತೆಯವರಿಗೂ ತೋರಿಸದೆ ಕಂಬಳಿ ಸುತ್ತಿ ಕೂತಿದ್ದ ಪುಣ್ಯಾತ್ಮ! ಕಾಲು ಹೋಯಿತು, ಜೀವ ಉಳಿಯಿತು.

ಮೊನ್ನೆ ಅವನ ಮನೆಯ ಕಟ್ಟೆಯ ಮೇಲೆ ಕೂತು ನವಾಹೊಗಳ ಕಥೆ ಹೇಳಿದೆ. "ಬೈಸಿಕೊಂಡ ಮಾತಿನಿಂದಾನೇ ಬೈದೋರನ್ನ ಉಳಿಸಿದ್ರಲ್ಲ, ದೊಡ್ಡೋರು ಬಿಡು" ಎಂದ. ಯುದ್ಧ ಮುಗಿದ ಮೇಲೂ ಬಹಳ ವರ್ಷ ಆ ಗುಟ್ಟಿನ ಬಗ್ಗೆ ಅವರು ಬಾಯಿ ಬಿಡುವಂತಿರಲಿಲ್ಲವಂತೆ ಎಂದೆ. ಅವನು ಕೃತಕ ಕಾಲಿನ ಪಟ್ಟಿ ಸಡಿಲಿಸುತ್ತಾ, "ನಾನು ಬಾಯಿ ಬಿಡದಿದ್ರೂ ಸಾಹೇಬ್ರಿಗೆ ಹೆಂಗೆ ಗೊತ್ತಾತೋ! ದಿನಾ ಅವರನ್ನ ನೆನೆಸಿ ಕೈ ಮುಗೀತೀನಿ" ಎಂದ.

ಉಳಿಸಿದವನು ನಾನೆಂದು ಅವನ ಮುಂದೆ ಹೇಳಿಕೊಳ್ಳಲು ಇಷ್ಟು ವರ್ಷ ನಾಚಿಕೆ. ಅಂದು ಅವನು ಊಟ ಕೇಳದ್ದರಿಂದಲೇ ನನಗೆ ಗೊತ್ತಾಯಿತೆಂದು ಮೊನ್ನೆ ಹೇಳಿದೆ. ಅವನು ಕಣ್ಣು ಒರೆಸಿಕೊಂಡು, "ಹಂಗಾದ್ರೆ ಇಷ್ಟು ದಿನ ಬ್ಯಾರೇರಿಗೆ ಕೈ ಮುಗಿದೀನಿ ಅನ್ನು" ಎಂದ.

"ಬಿಡಬ್ಯಾಡ ಮಾರಾಯಾ, ಮುಗೀತಾ ಇರು" ಎಂದೆ. "ಕನ್ನಡ ಒಂದಕ್ಷರ ಬರ್ತಿರಲಿಲ್ಲ ಅವರಿಗೆ. ಆದ್ರೂ ನನ್ನ ನಂಬಿದ್ರು. ನಾನೂ ದಿನಾ ಮುಗೀತೀನಿ."