ಜಲಜಕ್ಕನ ಕೆಂಪು ಕಾರು

ಹಳೆಯ ಕಾರಿನಲ್ಲಿ ಎರಡೇ ಸೀಟು, ಹೊಸದರಲ್ಲಿ ಏಳು, ಆದ್ದರಿಂದ ಹೊಸದೇ ಮೇಲು ಎಂದು ಗಣಪತಿಯವರು ಗುಜರಾತಿನ ಮಂಜಲ್‌ಪುರದ ನಮ್ಮ ಫ್ಲ್ಯಾಟ್ ಸೊಸೈಟಿಯ ಗೇಟಿನಲ್ಲಿ ನಿಂತು ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದರು. ಆ ಮಾತು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಹಳೆಯ ಕೆಂಪು ಸ್ಪೋರ್ಟ್ಸ್ ಕಾರು ಅವರ ಹೆಂಡತಿ ಜಲಜಕ್ಕನದು. ಬಾರ್ಕೂರಿನಿಂದ ಮದುವೆಯಾಗಿ ಬಂದವರು, ಫತೇಗಂಜ್‌ನಲ್ಲಿರುವ ಗಂಡನ ಉಡುಪಿ ಹೋಟೆಲಿಗೆ ಇಪ್ಪತ್ತಾರು ವರ್ಷದಿಂದ ಮನೆಯಲ್ಲೇ ಹಿಟ್ಟು ರುಬ್ಬುತ್ತಿದ್ದಾರೆ. ಭಾನುವಾರ ಕಾರ್ಖಾನೆಗಳು ಮುಚ್ಚಿರುವಾಗ ಮಕರಪುರಾದ ಖಾಲಿ ರಸ್ತೆಗಳಲ್ಲಿ ಡ್ರೈವಿಂಗ್ ಕಲಿತು, ವರ್ಗವಾಗಿ ಹೊರಟಿದ್ದ ಅಧಿಕಾರಿಯೊಬ್ಬರಿಂದ ಈ ಕಾರನ್ನು ತಮ್ಮ ಹೆಸರಿಗೇ ಕೊಂಡರು. ದಿನಾ ಬೆಳಿಗ್ಗೆ ಹಿಟ್ಟಿನ ಡಬ್ಬಿಯನ್ನು ಪಕ್ಕದ ಸೀಟಿನಲ್ಲಿ ಕೂರಿಸಿ, ಬೆಲ್ಟ್ ಬಿಗಿದು ಹೊರಡುತ್ತಿದ್ದರು. ಒಂದು ಹನಿ ಚೆಲ್ಲಿದ್ದಿಲ್ಲ. "ನೆಲಕ್ಕೆ ಅಂಟಿಕೊಂಡೇ ಹೋಗ್ತದೆ ಮಾರಾಯ್ತಿ," ಎಂದು ನನ್ನ ಬಳಿ ಹೆಮ್ಮೆಪಡುತ್ತಿದ್ದರು.

ಸೊಸೈಟಿಯಲ್ಲಿ ಒಂದು ಮನೆಗೆ ಒಂದೇ ಪಾರ್ಕಿಂಗ್. ಹೊಸ ಗಾಡಿ ಬಂದದ್ದೇ, ಕೆಂಪು ಕಾರನ್ನು ಮಾರುವುದೆಂದು ಗಣಪತಿಯವರೂ ಮಗ ಮಂಥನ್‌ನೂ ತೀರ್ಮಾನಿಸಿಬಿಟ್ಟರು. ಕಾರು ಯಾರದು? ಕೇಳಿದ್ದು ಯಾರನ್ನು? ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ!

ಆ ಭಾನುವಾರ ಅಹಮದಾಬಾದಿನ ಸ್ಯಾಟಲೈಟ್ ಬಡಾವಣೆಯಲ್ಲಿ ಗಣಪತಿಯವರ ತಮ್ಮನ ಗೃಹಪ್ರವೇಶ. ಎದುರು ಫ್ಲ್ಯಾಟಿನ ಬಾಡಿಗೆದಾರಳಾದ ನನ್ನನ್ನೂ ಕರೆದುಕೊಂಡು ಹೊರಟರು. ಮಂಥನ್ ಸ್ಟಿಯರಿಂಗ್ ಹಿಡಿದ, ಪಕ್ಕದಲ್ಲಿ ಅಪ್ಪ. ಮಧ್ಯದ ಎರಡು ಸೀಟುಗಳಲ್ಲಿ ಜಲಜಕ್ಕನ ಅತ್ತೆ ಮತ್ತು ಅತಿಥಿಯೆಂದು ನಾನು. ಜಲಜಕ್ಕ ಪಾಯಸದ ಪಾತ್ರೆ ಹಿಡಿದು ಹಿಂದಿನ ಸಾಲಿಗೆ ತೂರಿಕೊಂಡರು. ಕೂತರೆ ಮೊಣಕಾಲು ಎದೆಗೆ ಬರುತ್ತಿತ್ತು.

"ಮಮ್ಮಿ, ಪಾಯಸ ಸಂಭಾಳ್‌ಜೇ, ಸೀಟ್ ನವೀ ಛೇ!" ಎಂದ ಮಂಥನ್. ಅಮ್ಮನ ಕಾಲಿನ ಚಿಂತೆಯಿಲ್ಲ, ಪಾಯಸ ಚೆಲ್ಲಿ ಹೊಸ ಸೀಟು ಹಾಳಾದೀತೆಂಬ ಚಿಂತೆ ಅವನಿಗೆ!

ಅಹಮದಾಬಾದಿನ ಅದೇ ಎಕ್ಸ್‌ಪ್ರೆಸ್‌ವೇಯಲ್ಲಿ ಎಷ್ಟೋ ಸಲ ತಾವೇ ಕಾರು ಓಡಿಸಿಕೊಂಡು ಹೋದವರು ಜಲಜಕ್ಕ. ಸೀಟು ಬದಲಿಸೋಣ ಎಂದು ನಾನಾದರೂ ಹೇಳಬಹುದಿತ್ತು. ಹೇಳಲಿಲ್ಲ. ನಾಚಿಕೆಯಾಗುತ್ತದೆ.

ಸೋಮವಾರ ಬೆಳಿಗ್ಗೆ ಸೂರತ್‌ನಿಂದ ಕಾರು ಕೊಳ್ಳುವವನು ಬಂದ. ಗಣಪತಿಯವರು ಕಾಗದಗಳನ್ನು ಬಾನೆಟ್ಟಿನ ಮೇಲೆ ಹರಡಿ ಕೂಗಿದರು, "ಜಲಜಾ, ಇಲ್ಲೊಂದು ಸೈನ್ ಹಾಕು."

ಜಲಜಕ್ಕ ಹಿಟ್ಟಿನ ಡಬ್ಬಿ ಹಿಡಿದು ಇಳಿದು ಬಂದರು. ಪೆನ್ನು ಮುಟ್ಟಲಿಲ್ಲ. "ಗಾಡಿ ವೇಚವಾನಿ ನಥಿ," ಮಾರುವುದಿಲ್ಲ ಎಂದು ಅವನಿಗೆ ಗುಜರಾತಿಯಲ್ಲೇ ಹೇಳಿದರು.

"ಎಂಥ ಹುಚ್ಚು ನಿಂದು? ಏಳು ಜನ ಕೂರುವ ಗಾಡಿ ಉಂಟಲ್ಲ!"

"ಎರಡು ಸೀಟ್ ಇರುವಾಗ ಒಂದು ನನ್ನದಾಗಿತ್ತು. ಏಳು ಬಂದ ಮೇಲೆ ನನ್ನನ್ನು ಪಾತ್ರೆ ಒಟ್ಟಿಗೆ ಇಟ್ರಿ."

"ಮತ್ತೆ ಪಾರ್ಕಿಂಗ್?"

"ನಿಮ್ಮದನ್ನು ರೋಡಲ್ಲಿ ನಿಲ್ಲಿಸಿ."

ಸೂರತ್‌ನವನು ಮೆಲ್ಲಗೆ ಜಾಗ ಖಾಲಿ ಮಾಡಿದ. ಗಣಪತಿಯವರಿಗೆ ಹೋಟೆಲ್ ತೆರೆಯುವ ಹೊತ್ತಾಗಿತ್ತು; ಅವರಿಗೆ ಡ್ರೈವಿಂಗ್ ಬಾರದು, ಮಂಥನ್ ಇನ್ನೂ ಎದ್ದಿರಲಿಲ್ಲ. ಬೇರೆ ದಾರಿ ಕಾಣದೆ ಕೆಂಪು ಕಾರಿನ ಎಡಬಾಗಿಲಿಗೆ ಕೈ ಹಾಕಿದರು.

ಜಲಜಕ್ಕ ಅಷ್ಟರಲ್ಲಿ ಡಬ್ಬಿಗೆ ಬೆಲ್ಟ್ ಬಿಗಿದಿದ್ದರು. "ಇದು ಹಿಟ್ಟಿನ ಸೀಟ್," ಎಂದು ಕಾರು ಸ್ಟಾರ್ಟ್ ಮಾಡಿದರು. "ನಿಮಗೆ ಏಳು ಉಂಟಲ್ಲ."